ಲೆಕ್ಕಕ್ಕೆ ಬರುವ ಕಾರು

ಕಿರಂಗೂರು
14 ಅಕ್ಟೋಬರ್ 2024

ಪವಿತ್ರಾ,

ಕ್ಷೇಮ ಸಮಾಚಾರವೆಲ್ಲ ಭಾನುವಾರದ ಫೋನಿನಲ್ಲೇ ಆಗಿದೆ, ಅದಕ್ಕೆ ಇಲ್ಲಿ ಜಾಗ ದಂಡ ಮಾಡುವುದಿಲ್ಲ. ಇದು ಫೋನಿನಲ್ಲಿ ಆಡುವ ಮಾತಲ್ಲ. ನೀನು ಫೋನ್ ಮಾಡಿದ ಕೂಡಲೇ ನಿನ್ನ ಅತ್ತಿಗೆ ಸುನಿತಾ ಸ್ಪೀಕರಿಗೆ ಹಾಕುತ್ತಾಳೆ, ನನ್ನ ಮಗರಾಯ ಧರ್ಮೇಂದ್ರ ಅಡ್ಡಬಾಯಿ ಹಾಕುತ್ತಾನೆ, ನಿನ್ನ ದೊಡ್ಡಮ್ಮ ಮಾಯಮ್ಮ ಉಂಡೆಯಾ ಉಂಡೆಯಾ ಎಂದು ಕೇಳುವಷ್ಟರಲ್ಲಿ ಲೈನು ಹೋಗಿರುತ್ತದೆ.

ವಿಷಯ ನಮ್ಮ ಮೋರಿಸ್ ಮೈನರಿನದು. ಹೊಳೆ ಪಕ್ಕ ಹೊಸದಾಗಿ ಎದ್ದಿರುವ ರೆಸಾರ್ಟಿನವನೊಬ್ಬ ಬಂದು ಅದಕ್ಕೆ ಪ್ರದಕ್ಷಿಣೆ ಹಾಕಿ ಹೋಗಿದ್ದಾನೆ. ಕೊಂಡುಕೊಂಡು ಬಾಗಿಲಲ್ಲಿ ನಿಲ್ಲಿಸುತ್ತಾನಂತೆ. ಇಂಜಿನ್ ಕಿತ್ತು ಆ ಜಾಗದಲ್ಲಿ ಹೂವಿನ ಕುಂಡ ಇಡುತ್ತಾನಂತೆ! ನಿನ್ನ ತಾತ ಸಕ್ಕರೆ ಕಾರ್ಖಾನೆಯ ಇಂಜಿನಿಯರೊಬ್ಬರಿಂದ ಕೊಂಡು ತಂದ ದಿನದಿಂದ ಇವತ್ತಿನವರೆಗೆ ಹಾಲಿನ ಕ್ಯಾನು, ಹಿಂಡಿ ಮೂಟೆ, ಬಾಣಂತಿಯರು, ಮದುವೆ ಹೆಣ್ಣುಗಳು ಎಲ್ಲರನ್ನೂ ಎಲ್ಲವನ್ನೂ ಹೊತ್ತ ಗಾಡಿ ಅದು. ನಿನಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ್ದೂ ಅದರಲ್ಲೇ. ಧರ್ಮೇಂದ್ರ ಏನೆನ್ನುತ್ತಾನೆ ಗೊತ್ತೆ? "ಇದು ಮ್ಯೂಸಿಯಮ್ಮಲ್ಲಿರೋ ಸಾಮಾನು ಕಣಪ್ಪ. ಇಂಗ್ಲೆಂಡ್ನೋರೇ ಎತ್ತಿ ಗಾಜಿನ್ ಮನೇಲಿ ಮಡಗವ್ರೆ. ನೀನು ನೋಡುದ್ರೆ ಇದ್ರಲ್ಲಿ ಡೈರಿಗೆ ಆಲು ಆಕ್ತೀಯ."

ಕೊನೆಗೆ ನಿನ್ನ ದೊಡ್ಡಮ್ಮ ನ್ಯಾಯ ತೀರಿಸಿದಳು: "ದಿನಾ ಓಡೋಗಂಟ ಮನೇಲಿರ್ಲಿ. ನಿಂತೋದ್ರೆ ಯಾರ್ಗಾರಾ ಕೊಟ್ಕಳಿ." ಅವನೂ ಒಪ್ಪಿದ, ನಾನೂ ಒಪ್ಪಿದೆ. ಅಂದರೆ ಕಾರು ನಿಲ್ಲುವ ಹಾಗಿಲ್ಲ.

ಇನ್ನು ನಿನ್ನ ಕೆಲಸ. ನೀನಿರುವುದು ಆ ಕಾರು ಹುಟ್ಟಿದ ದೇಶದಲ್ಲಿ. ಅಲ್ಲಿ ಹಳೇ ಕಾರುಗಳನ್ನು ಜನ ದಿನಬಳಕೆಗೆ ಓಡಿಸುತ್ತಾರೋ ಇಲ್ಲವೋ ಕಣ್ಣಾರೆ ನೋಡಿ ಬರೆದು ಕಳಿಸು. ಮೇಣ ತಿಕ್ಕಿ ಮೆರವಣಿಗೆಗೆ ಹೊರಟವು ಲೆಕ್ಕಕ್ಕಿಲ್ಲ. ಮೈಮೇಲೆ ಕೆಸರಿರಬೇಕು, ಒಳಗೆ ಸಾಮಾನಿರಬೇಕು, ಯಾವುದಾದರೂ ಕೆಲಸಕ್ಕೆ ಹೊರಟಿರಬೇಕು. ಅಂಥದ್ದು ಮಾತ್ರ ಲೆಕ್ಕ. ಕಾಗದದಲ್ಲೇ ಬರೆ, ಇವರೆಲ್ಲರೆದುರು ಓದಿ ಹೇಳುತ್ತೇನೆ.

ಆಯುಧಪೂಜೆಯ ದಿನ ಕಾರಿನ ಎರಡೂ ಪಕ್ಕ ಬಾಳೆಕಂದು ಕಟ್ಟಿದ್ದೆವು. ಅದು ಅಡ್ಡ ಬಂದು ಕೊಟ್ಟಿಗೆ ಗೋಡೆಗೆ ಬಲಗಡೆ ಮಡ್‌ಗಾರ್ಡ್ ಸ್ವಲ್ಪ ಸವರಿತು. ದೊಡ್ಡದೇನಲ್ಲ.

ನಿನ್ನ ದೊಡ್ಡಪ್ಪ
ನಾಗರಾಜು

•

ಲಡ್ಲೋ
1 ನವೆಂಬರ್ 2024

ದೊಡ್ಡಪ್ಪ,

ನಿಮ್ಮ ಕಾಗದ ಬಂದಾಗ ಮನೆಯೊಡತಿ ಅದನ್ನು ಎರಡು ಬೆರಳಲ್ಲಿ ಹಿಡಿದು ತಂದುಕೊಟ್ಟಳು. ಕೈಬರಹದ ಕಾಗದ ಬಂದರೆ ಯಾರೋ ಹೋಗಿಬಿಟ್ಟರೆಂದೇ ಇವರ ಲೆಕ್ಕ. ನಾನು ಓದುತ್ತ ನಕ್ಕಿದ್ದು ನೋಡಿ ಅವಳಿಗೆ ಜೀವ ಬಂತು.

ಧರ್ಮಣ್ಣ, ಕಿವಿಗೊಟ್ಟು ಕೇಳು. ಶನಿವಾರ ಮಾರ್ಕೆಟ್ಟಿನ ಹತ್ತಿರ ಮೋರಿಸ್ ಮೈನರ್ ಒಂದು ನಿಂತಿತ್ತು. ನಮ್ಮಂಥದ್ದೇ ಮೂತಿ, ಆದರೆ ಹಿಂಭಾಗ ಉದ್ದ, ಅದಕ್ಕೆ ಮರದ ಚೌಕಟ್ಟು. ಆಣೆ ಮಾಡಿ ಹೇಳುತ್ತೇನೆ, ಮರ. ಮಳೆಗೆ ನೆನೆದು ನೆನೆದು ಅದರ ಸಂದಿಯಲ್ಲಿ ಹಸಿರು ಪಾಚಿ ಬೆಳೆದಿದೆ. ಒಳಗೆ ಆಲೂಗಡ್ಡೆ ಚೀಲ, ಒಂದು ಒದ್ದೆ ನಾಯಿ. ಒಬ್ಬ ಎತ್ತರದ ಮುದುಕ ಬಂದು ಚೀಲದ ಪಕ್ಕ ಕೋಸು ಇಟ್ಟ. ಕಪ್ಪು ನಂಬರ್ ಪ್ಲೇಟು, ಅದರ ಮೇಲೆ ಬೆಳ್ಳಿ ಅಕ್ಷರ. ಹಳೇ ಗಾಡಿಗಳಿಗೆ ಇಲ್ಲಿ ಹಾಗೆ.

ಅದೇ ವಾರ ಹಳೇ ಲ್ಯಾಂಡ್‌ರೋವರೊಂದು ಹುಲ್ಲಿನ ಪಿಂಡಿ ಹೇರಿಕೊಂಡು ನನ್ನ ಮುಂದೆ ಹೋಯಿತು, ದಾರಿಯುದ್ದಕ್ಕೂ ಹುಲ್ಲು ಉದುರಿಸುತ್ತ. ಆಮೇಲೆ ನಮ್ಮ ಅಂಬಾಸಿಡರಿನ ಅಣ್ಣ ಸಿಕ್ಕಿದ, ಮೋರಿಸ್ ಆಕ್ಸ್‌ಫರ್ಡ್. ನೋಡಿದ ತಕ್ಷಣ ಮಂಡ್ಯ ಬಸ್ ಸ್ಟ್ಯಾಂಡ್ ಕಣ್ಣ ಮುಂದೆ ಬಂತು. ಆದರೆ ತೊಳೆದು ಒರೆಸಿ ಇಟ್ಟದ್ದು. ಲೆಕ್ಕಕ್ಕಿಲ್ಲ.

ನನಗೆ ದಿನವಿಡೀ ರಸ್ತೆಯೇ. ಕಂಪನಿಯ ಪುಟ್ಟ ಕಾರಿನಲ್ಲಿ ಹಳ್ಳಿ ಹಳ್ಳಿ ಸುತ್ತಿ ಮುದುಕರನ್ನು ಏಳಿಸಿ, ಮೈ ತೊಳೆಸಿ, ಮಾತ್ರೆ ಕೊಟ್ಟು ಬರುವುದು. ಮಿಸೆಸ್ ಪ್ರೈಸ್ ಅಂತ ಒಬ್ಬರಿದ್ದಾರೆ. ಎಡಕ್ಕೆ ನಿಂತರೆ ಗುಡ್ ಮಾರ್ನಿಂಗ್ ಅನ್ನುತ್ತಾರೆ, ಬಲಕ್ಕೆ ನಿಂತರೆ ಕಳ್ಳಿ ಬಂದಳೆಂದು ಕೂಗುತ್ತಾರೆ. ಬಲಗಣ್ಣು ಪೂರ್ತಿ ಹೋಗಿದೆ ಪಾಪ. ನಿಮ್ಮ ಕಾರಿನ ವಿಷಯ ಹೇಳಿದೆ. ಅವರು ಮದುವೆಗೆ ಹೋದದ್ದೂ ಮೋರಿಸ್ ಮೈನರಿನಲ್ಲಂತೆ. ಗೇರು ಇಳಿಸುವಾಗ ಅದು ಮಾಡುವ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿದರು, ಥೇಟ್ ನಮ್ಮ ಕಾರೇ!

ಪವಿತ್ರ

•

ಕಿರಂಗೂರು
18 ನವೆಂಬರ್ 2024

ಪವಿತ್ರಾ,

ನಿನ್ನ ಕಾಗದವನ್ನು ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದಿದೆ. ಧರ್ಮೇಂದ್ರ ಮೊಬೈಲು ನೋಡುವವನ ಹಾಗೆ ನಟಿಸುತ್ತಿದ್ದ, ಪಾಚಿಯ ಮಾತು ಬಂದಾಗ ತಲೆ ಎತ್ತಿದ. "ಮರದ್ ಕಾರಾ? ಗೆದ್ಲು ಇಡಿಯಾಕಿಲ್ವಾ?" ಎಂದ. ಉತ್ತರ ಬರೆ. ಸುನಿತಾ ಬಿದ್ದು ಬಿದ್ದು ನಕ್ಕಳು. ಈ ಹುಡುಗಿಗೂ ಕಾರಿನ ಮೇಲೆ ಒಂದು ಕಣ್ಣು. "ಮಾವ, ಅಟ್ಟೀಲಿ ತಿರುಗ್ಸಿ ನಿಲ್ಲುಸ್ಲಾ?" ಎಂದು ಹೋದ ತಿಂಗಳು ಕೇಳಿದಳು. ಬೇಡ ಎಂದೆ. ಸೊಸೆ ಕೈಗೆ ಬೀಗದಕೈ ಹೋದರೆ ಮಗನ ಕೈಗೆ ಹೋದ ಹಾಗೆ.

ಗುರುವಾರ ಸಂತೆಬಾಚಹಳ್ಳಿಗೆ ಹೋಗಿ ಎರಡು ಮೇಕೆಮರಿ ತಂದೆ, ಹಿಂದಿನ ಸೀಟಿನಲ್ಲಿ. ಇದಕ್ಕಿಂತ ದಿನಬಳಕೆ ಬೇಕೇ? ದಾರಿಯಲ್ಲಿ ಹೊಸದೊಂದು ಆಲೆಮನೆ ಆಗಿದೆ, ಬಿಸಿ ಬೆಲ್ಲದ ವಾಸನೆ ಮೂಗಿಗೆ ಹೊಡೆಯಿತು. ಬರುವಾಗ ನಿಲ್ಲಿಸಿ ಒಂದಚ್ಚು ಕೊಳ್ಳೋಣ ಎಂದುಕೊಂಡಿದ್ದೆ. ಆದರೆ ಬರುವಾಗ ಅದು ಕಾಣಲೇ ಇಲ್ಲ, ವಾಸನೆ ಮಾತ್ರ ಬಂತು. ಎಲ್ಲಿ ಹೋಯಿತೋ.

ಕಬ್ಬಿನ ಟ್ರಾಕ್ಟರಿನವನೊಬ್ಬ ಎದುರಿಗೆ ಬಂದು ಬಲಗಡೆ ಬಾಗಿಲು ಉಜ್ಜಿಕೊಂಡು ಹೋದ. ಈಗಿನ ಹುಡುಗರಿಗೆ ಅಳತೆಯೇ ಇಲ್ಲ. ರೆಸಾರ್ಟಿನವನ ಕಣ್ಣು ತಾಕಿದೆ ಎಂದು ನಿನ್ನ ದೊಡ್ಡಮ್ಮ ಬಲಗಡೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದಾಳೆ. ಕಾರು ಹತ್ತಿದರೆ ಹೊಟ್ಟೆ ತೊಳೆಸುತ್ತೆ ಎನ್ನುತ್ತಿದ್ದವಳು ಈಗ ದಿನಾ ನನ್ನ ಜೊತೆ ಬರುತ್ತಾಳೆ. ನನ್ನ ಹಿಂದೆಯೇ ಕೂತು ಹೋಗುವಾಗಿಂದ ಬರುವವರೆಗೆ ಒಂದೇ ಸಮ ಮಾತು.

ಚಳಿಗಾಲದಲ್ಲಿ ಆ ಕಾರುಗಳು ಹೊರಗೆ ಬರುತ್ತವೋ ನೋಡು. ಬೇಸಿಗೆಯಲ್ಲಿ ಯಾರು ಬೇಕಾದರೂ ಓಡಿಸಿಯಾರು.

ನಾಗರಾಜು

•

ಸ್ನೇಹಳ ಮನೆ, ಹಿಯರ್‌ಫರ್ಡ್
10 ಡಿಸೆಂಬರ್ 2024

ದೊಡ್ಡಪ್ಪ,

ಮೇಲಿನ ವಿಳಾಸ ಬದಲಾಗಿದೆ, ನೋಡಿಕೊಳ್ಳಿ. ಸ್ನೇಹ ಅಂತ ಗೆಳತಿ, ಹಾಸನದ ಕಡೆಯವಳು. ಇಬ್ಬರಿಗೂ ಒಂದೇ ಕೋಣೆ ಸಾಕೆನಿಸಿತು. ಕೆಲಸದ ಪಾಳಿಯೂ ಸ್ವಲ್ಪ ಹಿಂದುಮುಂದಾಗಿದೆ. ಅಷ್ಟೇ, ಮತ್ತೇನಿಲ್ಲ.

ಜೋಡಿ ಸವಾರಿಯ ಸುದ್ದಿ ಓದಿ ಸ್ನೇಹಳಿಗೂ ಹೇಳಿ ನಕ್ಕೆ. ಈ ವಯಸ್ಸಿನಲ್ಲಿ ದೊಡ್ಡಮ್ಮನಿಗೆ ನಿಮ್ಮ ಮೇಲೆ ಇಷ್ಟು ಅಕ್ಕರೆ ಬಂದುಬಿಟ್ಟಿತೇ? ಮುಂದೆ ಕೂರಿಸಿಕೊಳ್ಳಿ, ಹಿಂದೆ ಯಾಕೆ?

ಚಳಿಗಾಲದ ಮಾತು ನೀವು ಹೇಳಿದ್ದು ಸರಿ. ರಸ್ತೆ ಹೆಪ್ಪುಗಟ್ಟದಿರಲೆಂದು ಇಲ್ಲಿ ಉಪ್ಪು ಚೆಲ್ಲುತ್ತಾರೆ. ಉಪ್ಪು ಕಬ್ಬಿಣ ತಿನ್ನುತ್ತದೆ. ಶೋಕಿಯವರೆಲ್ಲ ಕಾರಿಗೆ ಹೊದಿಕೆ ಹೊದಿಸಿ ಒಳಗಿಟ್ಟುಬಿಟ್ಟಿದ್ದಾರೆ. ಈಗ ಹೊರಗಿರುವುದು ನಿಜವಾದ ಬಳಕೆಯವು ಮಾತ್ರ. ಸೋಮವಾರ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಹಳೇ ಮಿನಿ, ಮೇಲೆ ಏಣಿ ಕಟ್ಟಿಕೊಂಡು. ಮಧ್ಯಾಹ್ನ ಅದೇ ಮಿನಿ ಏಣಿಯಿಲ್ಲದೆ ವಾಪಸ್. ಇವತ್ತು ಮಂಗಳವಾರ, ಹೊಳೆ ಪಕ್ಕ ನಡೆಯುತ್ತಿದ್ದೆ. ಸೇತುವೆ ಮೇಲೆ ನಮ್ಮ ಕಡೆ ಸ್ಟ್ಯಾಂಡರ್ಡ್ ಹೆರಾಲ್ಡ್ ಅನ್ನುತ್ತಿದ್ದರಲ್ಲ, ಅದರ ಇಲ್ಲಿನ ಅವತಾರ. ಹಿಂದಿನ ಸೀಟಿನಲ್ಲಿ ಸುರುಳಿ ಸುತ್ತಿದ ಹಾಸಿಗೆ. ಯಾರೋ ಮನೆ ಬದಲಿಸುತ್ತಿದ್ದಾರೆ. ಅದು ಕಣ್ಣಿಗೆ ಮರೆಯಾಗುವವರೆಗೂ ನಿಂತು ನೋಡಿದೆ. ಯಾವ ಕಾರಿಗೂ ಇಷ್ಟು ಹೊತ್ತು ನಿಂತಿರಲಿಲ್ಲ.

ಕೂತರೆ ಕಾಲು ಸೆಳೆಯುತ್ತದೆ ದೊಡ್ಡಪ್ಪ, ಅದಕ್ಕೇ ನಡೆಯುತ್ತೇನೆ. ನಡೆದರೆ ಕಾರು ಸಿಗುತ್ತವೆ.

ಮರದ ಕಾರಿಗೆ ಇಲ್ಲಿ ಗೆದ್ದಲು ಹಿಡಿಯುವುದಿಲ್ಲವಂತೆ, ಅಣಬೆ ಏಳುತ್ತದಂತೆ. ಧರ್ಮಣ್ಣನಿಗೆ ಹೇಳಿ.

ಪವಿತ್ರ

•

ಕಿರಂಗೂರು
30 ಡಿಸೆಂಬರ್ 2024

ಪವಿತ್ರಾ,

ನೀನು ಪುಣ್ಯ ಮಾಡಿದ್ದೆ ಕಣವ್ವ. ಹೊಳೆ ಪಕ್ಕ ನಡೆಯಲಿಕ್ಕೂ ಸಂಬಳ ಕೊಡುವ ದೇಶ! ಇಲ್ಲಿ ಧರ್ಮೇಂದ್ರ ಮಂಡ್ಯದ ಕಚೇರಿಯಲ್ಲಿ ಬೆಳಗಿಂದ ಸಂಜೆವರೆಗೆ ಕೂತು ಬೆನ್ನು ನೋವೆಂದು ಬರುತ್ತಾನೆ. ನೀನು ಬರೆದದ್ದನ್ನು ಅವನಿಗೆ ಎರಡು ಸಲ ಓದಿದೆ.

ಭಾನುವಾರ ನಾಗಮಂಗಲ ದಾಟಿ ಹೊಣಕೆರೆಗೆ, ನಿಮ್ಮ ಮನೆಗೆ ಹೋಗಿದ್ದೆವು. ನಿನ್ನ ಅವ್ವ ಚೆನ್ನಾಗಿದ್ದಾಳೆ. ಹುರುಳಿ ಬಸ್ಸಾರು ಮಾಡಿದ್ದಳು. ನಿನ್ನ ಮಾತೇ ಮಾತು. "ನನ್ ಮಗ್ಳು ಯಾರ್ ಹಂಗಿಗೂ ಬೀಳ್ನಿಲ್ಲ ಭಾವ, ತನ್ ಕಾಲ್ಮೇಲೆ ತಾನ್ ನಿಂತವ್ಳೆ" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು. ಬೇಸಿಗೆಗೆ ಬರುತ್ತೀಯಾ ಎಂದು ಕೇಳಲು ಹೇಳಿದ್ದಾಳೆ.

ದಾರಿಯ ಸೊಗಸು ಏನು ಹೇಳಲಿ. ಹೋಗುವಾಗ ಎಡಗಡೆ ಹುಚ್ಚೆಳ್ಳು ಹೊಲ, ಎಡಗಡೆ ಒಂದು ಕೆರೆ ತುಂಬ ಬೆಳ್ಳಕ್ಕಿ. ಬರುವಾಗ ಎಡಗಡೆ ರಾಗಿ ಕಣ, ತೆನೆ ಬಡಿಯುತ್ತಿದ್ದರು. ನಿಮ್ಮ ಮನೆ ಗೇಟು ಮಾತ್ರ ತೀರಾ ಕಿರಿದು. ಬಲಗಡೆ ಕಂಬಕ್ಕೆ ತಗುಲಿ ಹೆಡ್‌ಲೈಟ್ ಹೋಯಿತು. ಕಂಬವನ್ನು ಯಾರಾದರೂ ಅಷ್ಟು ಮುಂದಕ್ಕೆ ನೆಡುತ್ತಾರೆಯೇ? ನಿನ್ನ ದೊಡ್ಡಮ್ಮ ಆಗ ನಿನ್ನ ಅವ್ವನ ಕಡೆ ತಿರುಗಿ ಮಾತಾಡುತ್ತಿದ್ದಳು.

ರೆಸಾರ್ಟಿನವನು ಮತ್ತೆ ಬಂದಿದ್ದ. ಮೊಬೈಲಿನಲ್ಲಿ ಫೋಟೋ ತೋರಿಸಿದ, ಬೇರೆಲ್ಲೋ ಒಂದು ಕಾರಿನ ಹೊಟ್ಟೆಯಲ್ಲಿ ಚೆಂಡುಹೂವು ಬೆಳೆಸಿದ್ದಾರೆ. ನನಗೆ ಆ ದಿನ ಊಟ ಸೇರಲಿಲ್ಲ. ಹಗಲು ಮನೆಯಲ್ಲಿ ಕೂರಲಾಗುವುದಿಲ್ಲ, ಕೆಲಸವಿರಲಿ ಬಿಡಲಿ ಪಾಂಡವಪುರದವರೆಗೆ ಒಂದು ಸುತ್ತು ಹೊಡೆದು ಬರುತ್ತೇನೆ. ಕಾರು ನಿಂತಿದೆ ಎನ್ನುವ ಮಾತು ಯಾರ ಬಾಯಲ್ಲೂ ಬರಬಾರದು.

ನಾಗರಾಜು

•

ಹಿಯರ್‌ಫರ್ಡ್
22 ಜನವರಿ 2025

ದೊಡ್ಡಪ್ಪ,

ಈ ಹಾಳೆಯನ್ನು ಎಲ್ಲರಿಗೂ ಓದಿ.

ಹಿಮ ಬಿದ್ದಿದೆ. ಬಸ್ಸುಗಳೇ ಇಲ್ಲ. ಆದರೂ ನಿನ್ನೆ ಹಳೇ ಕಾರೊಂದು ಸಿಕ್ಕಿತು, ಲಡ್ಲೋದಲ್ಲಿ ನೋಡಿದ್ದ ಅದೇ ಮರದ ಮೋರಿಸ್! ನಾನು ಒಂದು ಕೆಲಸಕ್ಕೆಂದು ರೈಲಿನಲ್ಲಿ ಅಲ್ಲಿಗೆ ಹೋಗಿದ್ದೆ. ಏರಿನಲ್ಲಿ ಚಕ್ರ ಜಾರುತ್ತಿತ್ತು, ಹಿಂದೆ ನಿಂತು ತಳ್ಳಿದೆ. ಏರು ಹತ್ತಿದ ಮೇಲೆ ಕಿಟಕಿ ಇಳಿಸಿ ಥ್ಯಾಂಕ್ಸ್ ಅಂದವಳು ನಲವತ್ತರ ಹೆಂಗಸು. ಆ ಎತ್ತರದ ಮುದುಕ ಎಡಗಡೆ ಸೀಟಿನಲ್ಲಿದ್ದ, ತೊಡೆ ಮೇಲೆ ಮೊಟ್ಟೆಯ ಬುಟ್ಟಿ. ಅವಳು ಅವನ ಮಗಳು. ಕಾರು ಅವನದೇ. ಓಡಿಸುವುದನ್ನು ಬಿಟ್ಟು ಎಷ್ಟೋ ಕಾಲವಾಯಿತಂತೆ. "ಕಾರು ಯಾಕೆ ನಿಲ್ಲಬೇಕು, ನಿಲ್ಲಬೇಕಾದವನು ನಾನು" ಅಂದ. ನಾನೂ ಇಷ್ಟು ದಿನ ಅವನೇ ಓಡಿಸುತ್ತಾನೆ ಎಂದುಕೊಂಡಿದ್ದೆ. ಕೆಸರು, ಹಿಮ, ಮೊಟ್ಟೆ. ಇದಕ್ಕಿಂತ ಲೆಕ್ಕದ ಕಾರು ಇನ್ನು ಸಿಗಲಾರದು.

ಎರಡನೇ ಹಾಳೆ ನಿಮಗೊಬ್ಬರಿಗೆ.

ದೊಡ್ಡಪ್ಪ, ರಾತ್ರಿ ನಿಮ್ಮ ಕಾಗದಗಳನ್ನೆಲ್ಲ ಹಾಸಿಗೆ ಮೇಲೆ ಹರಡಿಕೊಂಡು ಓದಿದೆ. ಮಡ್‌ಗಾರ್ಡು ಬಲಗಡೆಯದು, ಬಾಗಿಲು ಬಲಗಡೆಯದು, ಹೆಡ್‌ಲೈಟು ಬಲಗಡೆಯದು. ಒಂದು ಸಲ ಬಾಳೆಕಂದು, ಒಂದು ಸಲ ಟ್ರಾಕ್ಟರು, ಒಂದು ಸಲ ನಮ್ಮ ಗೇಟಿನ ತಪ್ಪು. ಹೊಲ, ಕೆರೆ, ಕಣ ಎಲ್ಲ ಎಡಗಡೆಯವು. ಆಲೆಮನೆ ಎಲ್ಲಿಗೂ ಹೋಗಿಲ್ಲ. ಬರುವಾಗ ಅದು ನಿಮ್ಮ ಬಲಕ್ಕಿತ್ತು. ದೊಡ್ಡಮ್ಮ ನಿಮ್ಮ ಹಿಂದೆ ಕೂತು ಆಡುವುದು ಅಕ್ಕರೆಯ ಮಾತಲ್ಲ. ಬಲಕ್ಕೆ ಬಸ್ಸು, ಬಲಕ್ಕೆ ದನ ಅಂತ ಹೇಳುತ್ತಿದ್ದಾರೆ. ಮಿಸೆಸ್ ಪ್ರೈಸ್ ಅವರನ್ನು ನೋಡಿಕೊಂಡ ನನಗೆ ಇದು ಇಷ್ಟು ತಡವಾಗಿ ಹೊಳೆಯಿತಲ್ಲ ಎಂದು ನನ್ನ ಮೇಲೇ ಸಿಟ್ಟು.

ಬಲಗಣ್ಣು ಹೋಗಿ ಎಷ್ಟು ಕಾಲವಾಯಿತು?

ನನ್ನ ಕಾಗದಗಳೇ ನಿಮ್ಮನ್ನು ರಸ್ತೆಗೆ ಅಟ್ಟುತ್ತಿವೆ ಎನಿಸಿ ನಿದ್ದೆ ಬರುತ್ತಿಲ್ಲ. ನಾಳೆ ಯಾರ ಮನೆಯ ಮಗುವಾದರೂ ಬಲಗಡೆಯಿಂದ ಬಂದರೆ? ಇವತ್ತೇ ನಿಲ್ಲಿಸಿ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಇಲ್ಲದಿದ್ದರೆ ಧರ್ಮಣ್ಣನಿಗೆ ನಾನೇ ಫೋನ್ ಮಾಡುತ್ತೇನೆ. ಕಾರು ಹೋದರೆ ಹೋಗಲಿ.

ಪವಿತ್ರ

•

ಕಿರಂಗೂರು
8 ಫೆಬ್ರವರಿ 2025

ಪವಿತ್ರಾ,

ಎರಡು ಹಾಳೆಯೂ ಬಂತು. ಯಾವುದನ್ನೂ ಯಾರಿಗೂ ಓದಲಿಲ್ಲ.

ನನಗೂ ಕಾಗದ ಓದಲು ಬರುತ್ತದೆ. ಮೊದಲು ನೀನು ಕಂಪನಿ ಕಾರಿನಲ್ಲಿ ಕೂತು ನೋಡಿದ್ದನ್ನು ಬರೆಯುತ್ತಿದ್ದೆ. ಈಗ ಸೋಮವಾರ ಬಸ್ ಸ್ಟಾಪು, ಬೆಳಿಗ್ಗೆ ಹೋದ ಮಿನಿ ಮಧ್ಯಾಹ್ನ ಬರುವವರೆಗೂ ಅಲ್ಲೇ. ಮಂಗಳವಾರ ಹೊಳೆದಂಡೆ. ವಿಳಾಸ ಬೇರೆ, ಕೋಣೆ ಬೇರೆಯವರದು. ಮಿಸೆಸ್ ಪ್ರೈಸ್ ಅವರನ್ನು "ನೋಡಿಕೊಂಡ" ಎಂದು ಬರೆದಿದ್ದೀಯ, ನೋಡಿಕೊಳ್ಳುವ ಎಂದಲ್ಲ. ನಿನ್ನ ಕೆಲಸ ಹೋಗಿದೆ. ಪುಣ್ಯದ ಕೆಲಸ ಎಂದು ಊರೆಲ್ಲ ಹೇಳಿಕೊಂಡು ಬಂದ ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ನಿನ್ನ ಅವ್ವನಿಗೆ ಹೇಳಿದ್ದೀಯಾ? ಇಲ್ಲ ತಾನೆ? ಹಾಗಾದರೆ ನೀನು ಧರ್ಮೇಂದ್ರನಿಗೆ ಫೋನ್ ಮಾಡು. ನಾನು ಹೊಣಕೆರೆಗೆ ಹೋಗುತ್ತೇನೆ. ಕಾರಿನಲ್ಲೇ ಹೋಗುತ್ತೇನೆ.

ಇನ್ನು ಕಾಗದ ಬೇಡ.

ನಾಗರಾಜು

•

ಹಿಯರ್‌ಫರ್ಡ್
9 ಮಾರ್ಚ್ 2025

ದೊಡ್ಡಪ್ಪ,

ಬೇಡವೆಂದರೂ ಬರೆಯುತ್ತಿದ್ದೇನೆ. ಓದದಿದ್ದರೆ ಒಲೆಗೆ ಹಾಕಿ.

ಧರ್ಮಣ್ಣನ ನಂಬರ್ ಒತ್ತುವುದು, ರಿಂಗಾಗುವ ಮೊದಲೇ ಕತ್ತರಿಸುವುದು. ಇದೇ ಆಗಿದೆ. ನೀವೂ ಅವ್ವನಿಗೆ ಹೇಳಿಲ್ಲ ಎಂದು ಗೊತ್ತಾಯಿತು. ಮೊನ್ನೆ ಫೋನಿನಲ್ಲೂ ನನ್ನನ್ನು ಹೊಗಳಿದಳು. ಆ ಹೊಗಳಿಕೆ ಕೇಳುವುದಕ್ಕಿಂತ ಬೈಸಿಕೊಳ್ಳುವುದು ಸುಖ.

ನೀವು ಬರೆದದ್ದು ನಿಜ. ನಮ್ಮನ್ನು ಕರೆಸಿಕೊಂಡಿದ್ದ ಕಂಪನಿಗೆ ಹೊರದೇಶದವರನ್ನು ಕೆಲಸಕ್ಕಿಟ್ಟುಕೊಳ್ಳಲು ಇದ್ದ ಪರವಾನಗಿಯನ್ನು ಸರ್ಕಾರ ನವೆಂಬರ್ ಕೊನೆಗೆ ಕಿತ್ತುಕೊಂಡಿತು. ಕಾರು ವಾಪಸ್ ತೆಗೆದುಕೊಂಡರು, ಬಾಡಿಗೆ ಮನೆಯೂ ಅವರೇ ಗೊತ್ತು ಮಾಡಿಕೊಟ್ಟದ್ದು, ಅದೂ ಹೋಯಿತು. ಬೇರೆ ಕಂಪನಿ ನನ್ನನ್ನು ತೆಗೆದುಕೊಂಡರೆ ಮಾತ್ರ ಈ ದೇಶದಲ್ಲಿ ಇರಬಹುದು. ತಟ್ಟದ ಬಾಗಿಲಿಲ್ಲ. ಹಿಮದ ದಿನ ಲಡ್ಲೋಗೆ ಹೋಗಿದ್ದೂ ಅದಕ್ಕೇ. ಕೇಳಿ ಇಲ್ಲ ಅನ್ನಿಸಿಕೊಂಡು ಬರುವ ದಾರಿಯಲ್ಲಿ ಆ ಕಾರು ತಳ್ಳಿದ್ದು. ಬೆಳಿಗ್ಗೆ ಎದ್ದು ಹೋಗಲು ಜಾಗವಿಲ್ಲದವಳಿಗೆ ನೀವು ಒಂದು ಕೆಲಸ ಕೊಟ್ಟಿದ್ದಿರಿ ದೊಡ್ಡಪ್ಪ. ಇವತ್ತು ದೊಡ್ಡಪ್ಪನಿಗೆ ಒಂದು ಕಾರು ಹುಡುಕಬೇಕು ಎಂದುಕೊಂಡು ಬೂಟು ಮೆಟ್ಟುತ್ತಿದ್ದೆ. ಅದಿಲ್ಲದಿದ್ದರೆ ಈ ಚಳಿಗಾಲ ನಾನು ಕೋಣೆ ಬಿಟ್ಟು ಏಳುತ್ತಿರಲಿಲ್ಲ.

ಏಪ್ರಿಲ್ ಕೊನೆಗೆ ಊರಿಗೆ ಬರುತ್ತಿದ್ದೇನೆ. ಟಿಕೆಟ್ ಆಗಿದೆ. ಅವ್ವನಿಗೆ ಹೇಳಲು ಹೆದರಿಕೆ. ಕಾಲ ಮೇಲೆ ನಿಂತವಳು ಕುಂಟಿಕೊಂಡು ಬಂದಳು ಅಂತ ಹೊಣಕೆರೆಯೆಲ್ಲ ಆಡಿಕೊಂಡರೆ ಅವಳು ತಡೆಯಲಾರಳು.

ನನ್ನದು ಹೇಳಿದೆ. ಈಗ ನೀವು.

ಪವಿತ್ರ

•

ಕಿರಂಗೂರು
6 ಏಪ್ರಿಲ್ 2025

ಮಗಳೇ,

ನಿನ್ನ ಕಾಗದ ಬರುವ ಹೊತ್ತಿಗೆ ನಾನು ಕಾರು ಬಿಟ್ಟಾಗಿತ್ತು. ಯಾಕೆ ಬಿಟ್ಟೆ ಎನ್ನುವುದನ್ನು ನಿನಗೆ ನಾನೇ ಹೇಳಬೇಕು.

ನಿನ್ನ ಎರಡನೇ ಹಾಳೆ ಬಂದ ಮೇಲೆ ನಾನು ಮನೆಯಲ್ಲಿ ಮುಟ್ಟಿದರೆ ಸಿಡಿಯುತ್ತಿದ್ದೆ. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಡೈರಿಗೆ ಹೊರಟಾಗ ನಿನ್ನ ದೊಡ್ಡಮ್ಮ, "ಪವಿತ್ರ ಏನ್ ಬರ್ದವ್ಳೆ? ಕಣ್ಣಿನ್ ಇಸ್ಯ ತಾನೆ? ಸಾಕು ಬುಡಿ ಇನ್ನ, ನಂಗೂ ಬಯ ಆಯ್ತದೆ" ಎಂದಳು. ನಾನು, "ಬಾಯ್ ಮುಚ್ಕಂಡ್ ಕೂತ್ಕ" ಎಂದೆ. ಕೂತಳು. ಬಾಯಿ ಮುಚ್ಚಿಕೊಂಡೇ ಕೂತಳು. ಮುನಿಸಿಕೊಂಡರೆ ಅವಳು ಹಾಗೇ, ನಿನಗೆ ಗೊತ್ತಲ್ಲ. ನನಗೂ ಹಟ. ಬಲಗಡೆ ಇಲ್ಲದೆಯೇ ಹೊರಟೆ.

ಊರ ತಿರುವಿನಲ್ಲಿ ಬಲಗಡೆಯಿಂದ ದೇವಸ್ಥಾನದ ಅರ್ಚಕರು ಶ್ರೀನಿವಾಸಮೂರ್ತಿಗಳು ಮೊಪೆಡ್ಡಿನಲ್ಲಿ ಬಂದರು. ನನಗೆ ಕಂಡಿದ್ದು ಅವರಲ್ಲ, ಗಾಜಿನ ಮೇಲೆ ಬಿದ್ದ ಸೇವಂತಿಗೆ. ಬ್ರೇಕ್ ಒತ್ತಿ ಇಳಿದು ನೋಡಿದರೆ ಮೊಪೆಡ್ ಚರಂಡಿಯಲ್ಲಿ, ಪೂಜೆಯ ಹೂವೆಲ್ಲ ರಸ್ತೆಯಲ್ಲಿ, ಅವರು ಮಣ್ಣಲ್ಲಿ ಕೂತಿದ್ದರು. ಮಂಡಿ ತರಚಿತ್ತು, ಬೇರೇನೂ ಆಗಿರಲಿಲ್ಲ, ದೇವರು ದೊಡ್ಡವನು. ಬೈಯಲೂ ಇಲ್ಲ. "ಏನಯ್ಯ ನಾಗರಾಜು, ನಾನು ಹಾರನ್ ಮಾಡ್ಕೊಂಡೇ ಬಂದೆನಲ್ಲಯ್ಯ. ನಿನ್ನ ಮುಖ ನೋಡಿ ಕೈಯೂ ಎತ್ತಿದೆ" ಎಂದರು. ಅಷ್ಟೇ ಅಂದದ್ದು. ನಿನ್ನ ದೊಡ್ಡಮ್ಮ ರಸ್ತೆಯಲ್ಲಿ ಕುಕ್ಕರಿಸಿ ಹೂವು ಬಳಿಯುತ್ತ, "ನಾ ಏಳ್ನಿಲ್ಲ... ನಾ ನೋಡ್ದೆ, ಏಳ್ನಿಲ್ಲ" ಎಂದು ಅಳುತ್ತಿದ್ದಳು. ತಪ್ಪು ತನ್ನದೆಂದು ಅವಳು ಅಳುವುದನ್ನು ನೋಡಿ ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಸಂಜೆ ಧರ್ಮೇಂದ್ರನಿಗೆ ನಾನೇ ಹೇಳಿದೆ. ಬಲಗಣ್ಣು ಹೋಗಿ ವರ್ಷದ ಮೇಲಾಯಿತು, ನರ ಒಣಗಿದೆ, ಮರಳಿ ಬರುವುದಿಲ್ಲ ಎಂದು ಕಣ್ಣಿನ ಶಿಬಿರದಲ್ಲೇ ಹೇಳಿದ್ದರು ಎಂದೆ. ಅವನು ಕೂಗಾಡಲಿಲ್ಲ. ಬೀಗದಕೈ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮೈಸೂರಿಗೆ ಕರೆದುಕೊಂಡು ಹೋಗಿ ಇನ್ನೊಂದು ಕಣ್ಣಿಗೆ ಔಷಧಿ ಹಾಕಿಸಿದ್ದಾನೆ. ದಿನಾ ಅವನೇ ನನ್ನ ತಲೆ ಎತ್ತಿ ಹಿಡಿದು ಹನಿ ಬಿಡುತ್ತಾನೆ.

ಕಾರು ಕೊಟ್ಟಿಗೆಯಲ್ಲಿ ನಿಂತಿತು. ಒಪ್ಪಂದದ ಪ್ರಕಾರ ಯುಗಾದಿ ಮುಗಿಸಿಕೊಂಡು ರೆಸಾರ್ಟಿನವನಿಗೆ ಕೊಡುವುದೆಂದು ಆಯಿತು. ನಾನೂ ತಲೆ ಆಡಿಸಿದೆ. ಆಡಿಸದೆ ಏನು ಮಾಡಲಿ? ನಿನ್ನ ಕಾಗದಗಳನ್ನೆಲ್ಲ, ಯಾರಿಗೂ ಓದದ ಆ ಎರಡು ಹಾಳೆಗಳ ಸಮೇತ, ಸುನಿತಾಳ ಕೈಗೆ ಕೊಟ್ಟು ಕಾರಿನ ಜೊತೆಗೇ ಇಟ್ಟುಬಿಡು ಎಂದೆ. ಅವಳು ಇಡಲಿಲ್ಲ, ಕೂತು ಓದಿದಳು. ಹಬ್ಬದ ದಿನ ಒಬ್ಬಟ್ಟು ಬಡಿಸುತ್ತ ಗಂಡನನ್ನು ಕೇಳಿದಳು: "ಅತ್ತೆ ಏನಂದಿದ್ರು? ಕಾರು ದಿನಾ ಓಡ್ಬೇಕು ಅಂತ ತಾನೆ? ಮಾವ್ನೇ ಓಡುಸ್ಬೇಕು ಅಂತ ಎಲ್ಲಂದವ್ರೆ? ಪವಿತ್ರ ಬರ್ದಿರೋ ಆ ಮೊಟ್ಟೆ ತಾತನ್ ಕಾರ್ನ ಯಾರ್ ಓಡ್ಸೋದು? ಮಗ್ಳು." ಧರ್ಮೇಂದ್ರ ಒಬ್ಬಟ್ಟು ಬಿಟ್ಟು ಎದ್ದು ಬೀಗದಕೈ ತಂದು ಅವಳ ಕೈಗಿಟ್ಟ. ಅವಳು ಕೆ.ಆರ್. ಪೇಟೆಯ ತವರಿನಲ್ಲಿ ಅಪ್ಪನ ಟೆಂಪೋ ಓಡಿಸಿಕೊಂಡು ಬೆಳೆದವಳಂತೆ. ಲೈಸೆನ್ಸೂ ಇದೆ. ನಮ್ಮ ಮನೆಗೆ ಬಂದು ಇಷ್ಟು ವರ್ಷವಾದರೂ ಅದನ್ನು ಕೇಳಿದವರು ಯಾರೂ ಇಲ್ಲ. ನಾನಂತೂ ಹಟ್ಟಿಯಲ್ಲಿ ತಿರುಗಿಸಲೂ ಬಿಟ್ಟಿರಲಿಲ್ಲ.

ನಿನ್ನ ಅವ್ವನಿಗೆ ನಾನೇನೂ ಹೇಳಿಲ್ಲ, ಹೇಳುವುದೂ ಇಲ್ಲ. ಆವತ್ತು ಬರೆದದ್ದು ಸಿಟ್ಟಿಗೆ. ನೀನೇ ಹೇಳು, ಬರುವ ಮೊದಲೇ ಹೇಳು. ಆಡಿಕೊಳ್ಳುವವರು ನಾಲ್ಕು ದಿನ ಆಡಿಕೊಳ್ಳುತ್ತಾರೆ. ಅದಕ್ಕೆ ಹೆದರಿ ನಾನು ಒಬ್ಬ ಬ್ರಾಹ್ಮಣನನ್ನು ಚರಂಡಿಗೆ ತಳ್ಳಿದೆ. ನಿನಗೆ ಅಷ್ಟು ಪಾಠ ಸಾಕು. ಶ್ರೀರಂಗಪಟ್ಟಣ ಸ್ಟೇಷನ್ನಿಗೆ ನಿನ್ನನ್ನು ಕರೆದುಕೊಳ್ಳಲು ಮೋರಿಸ್ಸೇ ಬರುತ್ತದೆ.

ಇನ್ನು ನನ್ನ ವರದಿ. ಇಷ್ಟು ದಿನ ನೀನು ಬರೆದೆ, ಈ ಸಲ ನಾನು ನೋಡಿದ್ದೇನೆ.

ಇವತ್ತು ಬೆಳಿಗ್ಗೆ ಸುನಿತಾ ಮೊದಲ ಸಲ ಕಾರು ತೆಗೆದಳು. ನೋಡಲು ಧೈರ್ಯವಾಗದೆ ನಾನು ಮೊದಲೇ ಎದ್ದು ರಸ್ತೆಯ ಮೋರಿಕಟ್ಟೆ ಮೇಲೆ ಹೋಗಿ ಕೂತಿದ್ದೆ. ಕಾರು ಬಲಗಡೆಯಿಂದ ಬಂತು, ಆದ್ದರಿಂದ ಕಾಣಲಿಲ್ಲ, ಕೇಳಿಸಿತು. ಇಳಿಜಾರಿನಲ್ಲಿ ಗೇರು ಇಳಿಸುವಾಗ ಪರ್ರ್ ಎನ್ನುತ್ತದಲ್ಲ, ಅದು. ಹುಡುಗನಾಗಿದ್ದಾಗಿನಿಂದ ಆ ಸದ್ದನ್ನು ಕಾರಿನ ಒಳಗೆ ಕೂತೇ ಕೇಳಿದ್ದೆ ಪವಿತ್ರಾ. ನಮ್ಮ ಕಾರು ರಸ್ತೆಯಲ್ಲಿ ಬರುವುದನ್ನು ಹೊರಗೆ ನಿಂತು ನಾನು ಒಂದು ದಿನವೂ ನೋಡಿರಲಿಲ್ಲ. ಎಷ್ಟು ಚೆನ್ನಾಗಿದೆ ಗೊತ್ತಾ! ಕಣ್ಣಲ್ಲಿ ನೀರು ಬಂದು ಇದ್ದ ಒಂದು ಕಣ್ಣೂ ಮಂಜಾಯಿತು.

ಹಳೇ ಕಾರು, ದಿನಬಳಕೆಯದು. ಚಕ್ರಕ್ಕೆ ಕೆಸರು, ಬಲಗಡೆಯೆಲ್ಲ ನನ್ನ ಗೀರುಗಳು. ಹಿಂದೆ ಹಾಲಿನ ಕ್ಯಾನು, ಕ್ಯಾನಿಗೆ ಆತುಕೊಂಡು ಎಂದಿನ ಜಾಗದಲ್ಲಿ ನಿನ್ನ ದೊಡ್ಡಮ್ಮ, ಅಭ್ಯಾಸಬಲದಿಂದ ಸೊಸೆಗೂ "ಬಲಕ್ಕೆ ಎಮ್ಮೆ ಐತೆ, ಬಲಕ್ಕೆ ಎಮ್ಮೆ ಐತೆ" ಎನ್ನುತ್ತ.

ಕಾರು ನನ್ನ ಮುಂದೆ ನಿಂತಿತು. ಸುನಿತಾ ಬಗ್ಗಿ ಎಡಗಡೆ ಬಾಗಿಲು ತೆರೆದಳು.

"ಅತ್ಕಳಿ ಮಾವ. ಬಲ್ಗಡೆ ನಾನ್ ನೋಡ್ಕತೀನಿ."

ಹತ್ತಿದೆ. ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ನೀನು ಬಂದು ಹೇಳು.

ನಿನ್ನ ದೊಡ್ಡಪ್ಪ
ನಾಗರಾಜು